ಕಲಾಭ್ಯಾಸವೂ ಜೀವನೋಪಾಯವೂ

(ಶಾಲಾ ವಾರ್ಷಿಕೋತ್ಸವದ ಅಂಗವಾಗಿ ಜರಗಿದ ಹೆತ್ತವರ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಪ್ರತಿವರ್ಷ ಈ ಸಭೆಯಲ್ಲಿ ಪರೀಕ್ಷೆಯ ಫಲಿತಾಂಶವನ್ನೂ ಕಟ್ಟಡದ ವಿಚಾರವನ್ನೂ ತಮ್ಮ ಮುಂದಿಡುವುದು ನಮ್ಮ ವಾಡಿಕೆ. ಅವೆರಡೂ ಕಾರ್ಯದರ್ಶಿಗಳ ವರದಿಯಲ್ಲಿ ವಿಶದವಾಗಿ ಬಂದಿರುವುದರಿಂದ ಈ ಸಲ ಬೇರೊಂದು ವಿಷಯವನ್ನು ಎತ್ತಿಕೊಳ್ಳಬಯಸುತ್ತೇವೆ. ಸಂಗೀತ, ನೃತ್ಯ, ನಾಟಕ, ಯಕ್ಷಗಾನ, ಚಿತ್ರಕಲೆ ಮೊದಲಾದವುಗಳಲ್ಲಿ ಒಲವುಳ್ಳ ನಮ್ಮ ಮಕ್ಕಳು ಮುಂದೆ ಯಾವ ದಾರಿಯನ್ನು ಹಿಡಿಯಬಹುದು, ಆ ದಾರಿಯಲ್ಲಿ ಅನ್ನ ಹುಟ್ಟುವುದೇ, ಹುಟ್ಟುವುದಾದರೆ ಎಷ್ಟು ಕಾಲಕ್ಕೆ ಎಂಬುದೇ ಆ ವಿಷಯ.

ಇದನ್ನು ಎತ್ತಿಕೊಳ್ಳಲು ಕಾರಣವುಂಟು. 1957ರಲ್ಲಿ ಆರಂಭವಾದ ಕೇರಳ ಶಾಲಾ ಕಲೋತ್ಸವದಲ್ಲಿ ಇಂದು ಇನ್ನೂರಕ್ಕೂ ಮಿಕ್ಕಿದ ಸ್ಪರ್ಧೆಗಳಿವೆ. ಅವುಗಳಲ್ಲಿ ಯಕ್ಷಗಾನವೂ ಒಂದು. ಕನ್ನಡ ಭಾಷಣ, ಕನ್ನಡ ಪದ್ಯಪಠನಗಳೂ ಇವೆ. 2025ರ ಜನವರಿಯಲ್ಲಿ ಈ ಉತ್ಸವವು ರಾಜ್ಯದ ತೆಂಕಣ ತುದಿಯಾದ ತಿರುವನಂತಪುರದಲ್ಲಿ ನಡೆದಾಗ ಅಲ್ಲಿಯೂ ಚೆಂಡೆಯ ಪೆಟ್ಟು ಕೇಳಿಸಿತು. ಕನ್ನಡದ ಮಾತು ರಂಗದ ಮೇಲೆ ಮೊಳಗಿತು. ಇದು ಕಾಸರಗೋಡಿನ ಕನ್ನಡಿಗರಾದ ನಮಗೆಲ್ಲ ಹೆಮ್ಮೆಯ ಸಂಗತಿಯೇ ಸರಿ. ಆದರೆ ಅನಂತರ ನಡೆಯುವುದೇನು? ಎಂಟನೆಯ ತರಗತಿಯಲ್ಲಿ ಗೆಜ್ಜೆ ಕಟ್ಟಿದ ಹುಡುಗನು ಹತ್ತನೆಯ ತರಗತಿಯವರೆಗೆ ಬೆವರಿಳಿಸಿ ಕುಣಿಯುತ್ತಾನೆ; ರಾಜ್ಯಮಟ್ಟದಲ್ಲಿ ದರ್ಜೆ ಗಳಿಸಿ ಪರೀಕ್ಷೆಯಲ್ಲಿ ಕೃಪಾಂಕ ಪಡೆಯುತ್ತಾನೆ; ಅಂಕಪಟ್ಟಿ ಕೈಗೆ ಬಂದ ದಿನವೇ ಗೆಜ್ಜೆಯು ಅಟ್ಟವನ್ನು ಸೇರುತ್ತದೆ. ಮೂರು ವರ್ಷಗಳ ವಿದ್ಯೆಯು ಕೆಲವು ಅಂಕಗಳ ಬೆಲೆಗೆ ಬಿಕರಿಯಾದಂತಾಯಿತು.

ನಾವು ಹೆತ್ತವರನ್ನು ದೂರುತ್ತಿಲ್ಲ. "ಮಾಷ್ಟ್ರೇ, ಕುಣಿದರೆ ಗಂಜಿ ಬೆಂದೀತೇ?" ಎಂದು ತಂದೆಯೊಬ್ಬರು ನಮ್ಮನ್ನು ಕೇಳಿದುದುಂಟು. ಪ್ರಶ್ನೆ ನ್ಯಾಯವಾದುದು. ಅದಕ್ಕೆ 'ಕಲೆ ದೈವದತ್ತವಾದುದು, ಹಣದ ಮಾತೇಕೆ' ಎಂದು ಉತ್ತರಿಸುವವರು ಸಾಮಾನ್ಯವಾಗಿ ತಾವು ತಿಂಗಳ ಸಂಬಳ ಎಣಿಸುವವರೇ ಆಗಿರುತ್ತಾರೆ. ಆದುದರಿಂದ ನಾವು ಗಂಜಿಯ ಲೆಕ್ಕದಿಂದಲೇ ಹೊರಡೋಣ.

ಮೊದಲು ನಮ್ಮ ಅಂಗಳದ ಕಲೆಯನ್ನೇ ನೋಡೋಣ. ರಾಮಾಯಣದ ಪ್ರಸಂಗಗಳಿಂದ ಪ್ರಸಿದ್ಧನಾದ ಪಾರ್ತಿಸುಬ್ಬನು ಕುಂಬಳೆಯವನು. ತೆಂಕುತಿಟ್ಟು ಯಕ್ಷಗಾನಕ್ಕೆ ಈ ಸೀಮೆಯು ತವರುಮನೆ. ಇದರಲ್ಲಿ ವೃತ್ತಿಕಲಾವಿದನ ವರ್ಷವು ಎರಡು ಭಾಗವಾಗಿರುತ್ತದೆಂಬುದನ್ನು ಮೊದಲು ತಿಳಿಯಬೇಕು. ದೀಪಾವಳಿ ಕಳೆದ ಮೇಲೆ ಮೇಳಗಳು ಒಂದೊಂದಾಗಿ ತಿರುಗಾಟಕ್ಕೆ ಹೊರಡುತ್ತವೆ. ಮೇ ತಿಂಗಳ ಕೊನೆಯ ವಾರದಲ್ಲಿ ಬರುವ ಪತ್ತನಾಜೆಗೆ ಗೆಜ್ಜೆ ಬಿಚ್ಚುತ್ತವೆ. ಈ ಆರು ತಿಂಗಳು ಇಂದು ಈ ಊರು, ನಾಳೆ ಆ ಊರು. ರಾತ್ರಿ ದುಡಿಮೆ, ಹಗಲು ನಿದ್ದೆ. ಈಚೆಗೆ ಹಲವು ಮೇಳಗಳು ಸಂಜೆ ಆರಂಭಿಸಿ ನಡುರಾತ್ರಿಗೆ ಮುಗಿಸುವ ಕಾಲಮಿತಿಯ ಪ್ರಯೋಗಕ್ಕೆ ಬಂದಿರುವುದರಿಂದ ನಿದ್ದೆಗೆಡುವ ಕಷ್ಟವು ತುಸು ಇಳಿದಿದೆ. ಮಳೆಗಾಲದ ಉಳಿದ ತಿಂಗಳುಗಳಲ್ಲಿ ಮೇಳದ ಸಂಬಳವಿಲ್ಲ. ಆಗ ಕೆಲವರು ತಾಳಮದ್ದಳೆಗೆ ಹೋಗುತ್ತಾರೆ. ಕೆಲವರು ಚಿಕ್ಕಮೇಳ ಕಟ್ಟಿಕೊಂಡು ಮನೆಮನೆಗೆ ನಡೆಯುತ್ತಾರೆ. ಕೆಲವರು ತಂಡವಾಗಿ ಮುಂಬಯಿಗೆ ತೆರಳುತ್ತಾರೆ. ತೋಟವಿದ್ದವರು ತೋಟಕ್ಕೆ ಇಳಿಯುತ್ತಾರೆ. ಮಕ್ಕಳಿಗೆ ಹೆಜ್ಜೆ ಹೇಳಿಕೊಡುವವರಿಗೆ ಮಾತ್ರ ಆ ಕಾಲವೇ ಸುಗ್ಗಿ.

ಮೇಳಕ್ಕೆ ಸೇರಿದವನು ಮರುದಿನವೇ ಅರ್ಜುನನಾಗುವುದಿಲ್ಲ. ಪೂರ್ವರಂಗದಲ್ಲಿ ಕೋಡಂಗಿಯಾಗಿ, ಬಾಲಗೋಪಾಲನಾಗಿ, ಬಳಿಕ ಚಿಕ್ಕಪುಟ್ಟ ವೇಷಗಳಲ್ಲಿ ವರ್ಷಗಟ್ಟಲೆ ಸವೆಯಬೇಕು. ಹಿರಿಯರು ಬಣ್ಣ ಬರೆಯುವುದನ್ನು ಚೌಕಿಯಲ್ಲಿ ಕುಳಿತು ನೋಡಬೇಕು. ಬಣ್ಣದ ವೇಷದವರು ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಚಿಟ್ಟಿ ಇಡುವುದನ್ನು ತಾವು ಕಂಡಿರಬಹುದು. ಗಂಟೆಗಟ್ಟಲೆ ಹಿಡಿಯುವ ಆ ಕೆಲಸವನ್ನು ಯಾವ ಪುಸ್ತಕದಿಂದಲೂ ಕಲಿಯಲಾಗದು. ಮಂದ್ರ, ತಾರಗಳೆರಡರಲ್ಲೂ ದಣಿಯದ ಕಂಠವನ್ನು ಸಾಧಿಸಿ ಪ್ರಸಂಗಗಳನ್ನು ಬಾಯಿಪಾಠ ಮಾಡಿಕೊಂಡು ರಂಗವನ್ನು ನಡೆಸಬಲ್ಲ ಭಾಗವತನಾಗಲು ಇನ್ನೂ ದೀರ್ಘಕಾಲ ಬೇಕು. ವಿದ್ಯೆ ಕೈಗೂಡಿದವನಿಗೆ ಇಂದು ಕರೆ ಕಡಿಮೆಯಿಲ್ಲವೆಂಬುದೂ ನಿಜ. ಒಳ್ಳೆಯ ಭಾಗವತನ, ಒಳ್ಳೆಯ ಮದ್ದಳೆಗಾರನ ದಿನಚರಿ ಪುಸ್ತಕವನ್ನು ನೋಡಿದರೆ ನಮ್ಮಂತಹ ಉಪಾಧ್ಯಾಯರಿಗೆ ಸ್ವಲ್ಪ ಅಸೂಯೆಯೂ ಆದೀತು!

ಕಳೆದ ವರ್ಷದ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಒಂಬತ್ತನೆಯ ತರಗತಿಯ ಒಬ್ಬ ಹುಡುಗನು, ನಿಜವಾಗಿ ಹೆಜ್ಜೆಗಾರಿಕೆಯುಳ್ಳವನು, ಶಾಲೆಯನ್ನು ಬಿಟ್ಟು ತಿರುಗಾಟಕ್ಕೆ ಹೊರಡಲು ಸಿದ್ಧನಾದನು. ಮನೆಯಲ್ಲಿ ಅಡಚಣೆಯಿತ್ತು. ಮುಂಗಡ ಸಿಗುವ ಮಾತೂ ಬಂದಿತ್ತು. ನಾವೂ ನಮ್ಮ ಸಹೋದ್ಯೋಗಿಗಳೂ ಆ ಮನೆಗೆ ಹೋಗಿ ಕುಳಿತೆವು. ಮುಂಗಡವೆಂಬುದು ಬಹುಮಾನವಲ್ಲ, ದುಡಿದು ತೀರಿಸಬೇಕಾದ ಸಾಲ. ಹದಿನಾಲ್ಕರ ಹುಡುಗನ ಕಾಲಿಗೆ ಅದನ್ನು ಕಟ್ಟುವುದು ತರವಲ್ಲ ಎಂದು ತಿಳಿಸಿದೆವು. ಆ ತಾಯಿ ಬಹಳ ಹೊತ್ತು ಮಾತಾಡಲಿಲ್ಲ. ಕಡೆಗೆ, "ಅವನಿಗೆ ಆಟ ಬಿಡಿಸಲಿಕ್ಕೆ ಬಂದದ್ದಲ್ಲವಷ್ಟೆ ನೀವು?" ಎಂದು ಕೇಳಿದರು. ಅಲ್ಲವೆಂದೆವು. ಆ ಹುಡುಗನು ಈಗ ಹತ್ತನೆಯ ತರಗತಿಯಲ್ಲಿದ್ದಾನೆ. ಆದಿತ್ಯವಾರಗಳಲ್ಲಿ ಗುರುಗಳಲ್ಲಿಗೆ ಹೋಗುತ್ತಾನೆ. ರಜೆಯ ದಿನಗಳಲ್ಲಿ ಹವ್ಯಾಸಿ ಸಂಘದ ಆಟಗಳಲ್ಲಿ ವೇಷ ಮಾಡುತ್ತಾನೆ. ಮನೆಯ ಅಡಚಣೆ ತೀರಿತೆಂದು ನಾವು ಹೇಳಲಾರೆವು. ಆದರೆ ಹದಿನೆಂಟು ತುಂಬಿದ ಮೇಲೆ ಮೇಳವನ್ನೋ ಕಾಲೇಜನ್ನೋ ಆರಿಸಿಕೊಳ್ಳುವ ಸ್ವಾತಂತ್ರ್ಯ ಅವನ ಕೈಯಲ್ಲಿ ಉಳಿದಿದೆ.

ರಂಗದ ಮೇಲೆ ಕಾಣುವವರಷ್ಟೇ ಕಲೆಯಿಂದ ಉಣ್ಣುವರೆಂಬುದು ತಪ್ಪು ತಿಳಿವಳಿಕೆ. ಹಗುರವಾದ ಮರದಲ್ಲಿ ಕಿರೀಟ, ಭುಜಕೀರ್ತಿಗಳನ್ನು ಕೊರೆದು ಬೇಗಡೆ ಹಚ್ಚುವವರು ಬೇಕು. ಮದ್ದಳೆಗೆ ಚರ್ಮ ಬಿಗಿದು ಕರಣೆ ಹಾಕುವವರು ಬೇಕು. ಇಂತಹವರು ದಿನೇದಿನೇ ವಿರಳವಾಗುತ್ತಿದ್ದಾರೆ. ಮದ್ದಳೆ ಕೆಟ್ಟರೆ ಸರಿಪಡಿಸುವವನ ಮನೆಯಂಗಳದಲ್ಲಿ ದೊಡ್ಡ ಕಲಾವಿದರೂ ಕಾದು ನಿಲ್ಲುತ್ತಾರೆ. ಕಲೋತ್ಸವದ ತಿಂಗಳುಗಳಲ್ಲಿ ವೇಷಭೂಷಣಗಳನ್ನು ಬಾಡಿಗೆಗೆ ಕೊಡುವವರಿಗೂ ಮುಖವರ್ಣಿಕೆಯವರಿಗೂ ಬಿಡುವೇ ಇರುವುದಿಲ್ಲ. ಧ್ವನಿವರ್ಧಕ, ಬೆಳಕು, ಆಟವನ್ನು ಚಿತ್ರೀಕರಿಸಿ ಅಂತರ್ಜಾಲದಲ್ಲಿ ನೇರವಾಗಿ ತೋರಿಸುವುದು ಇವು ಈ ಕಾಲದ ಹೊಸ ಕಸುಬುಗಳು. ನಮ್ಮ ಜಿಲ್ಲೆಯ ಯಕ್ಷಗಾನ ಬೊಂಬೆಯಾಟದ ಹೆಸರು ದೂರದೂರಕ್ಕೆ ಹಬ್ಬಿದೆ. ಬೊಂಬೆಯ ಸೂತ್ರವನ್ನು ಹಿಡಿಯುವ ಕೈ, ಬೊಂಬೆಯನ್ನು ಕೆತ್ತುವ ಕೈ, ಅದಕ್ಕೆ ಉಡುಗೆ ಹೊಲಿಯುವ ಕೈ ಎಲ್ಲವೂ ಕಲಾವಿದರ ಕೈಗಳೇ. ಕುಣಿಯಲು ನಾಚುವ, ಆದರೆ ಕೈಚಳಕವುಳ್ಳ ಮಗುವಿಗೆ ಇಲ್ಲಿ ಜಾಗವುಂಟು.

ಇನ್ನೊಂದು ಮಾತು. 'ಕನ್ನಡ ಮಾಧ್ಯಮದಲ್ಲಿ ಓದಿ ಕೆಟ್ಟೆವು, ಕೆಲಸ ಸಿಗದು' ಎಂಬ ಮಾತನ್ನು ನಾವು ದಿನವೂ ಕೇಳುತ್ತೇವೆ. ಹಲವು ಉದ್ಯೋಗಗಳ ವಿಷಯದಲ್ಲಿ ಇದಕ್ಕೆ ಉತ್ತರ ಕೊಡುವುದು ಸುಲಭವಲ್ಲ. ನಾವು ಕೊಟ್ಟಂತೆ ನಟಿಸುವುದೂ ಇಲ್ಲ. ಆದರೆ ಈ ಒಂದು ಕ್ಷೇತ್ರದಲ್ಲಿ ಕನ್ನಡವೇ ಮೂಲಧನ. ತಾಳಮದ್ದಳೆಯನ್ನೇ ನೋಡಿರಿ: ವೇಷವಿಲ್ಲ, ಕುಣಿತವಿಲ್ಲ, ಭಾಗವತರ ಪದ್ಯಕ್ಕೆ ಅರ್ಥಧಾರಿಯು ಕುಳಿತಲ್ಲಿಯೇ, ಆ ಕ್ಷಣದಲ್ಲಿಯೇ ಮಾತನ್ನು ಕಟ್ಟಬೇಕು. ಎದುರಾಳಿ ಏನು ಹೇಳುವನೋ ಮೊದಲೇ ಗೊತ್ತಿರುವುದಿಲ್ಲ. 1918ರಲ್ಲಿ ಕುಂಬಳೆ ಸೀಮೆಯಲ್ಲಿ ಹುಟ್ಟಿ 2006ರಲ್ಲಿ ನಮ್ಮನ್ನಗಲಿದ ಶೇಣಿ ಗೋಪಾಲಕೃಷ್ಣ ಭಟ್ಟರು ಊರಿನ ಹೆಸರನ್ನೇ ತಮ್ಮ ಹೆಸರಾಗಿ ಹೊತ್ತು ಕನ್ನಡನಾಡನ್ನೆಲ್ಲ ಆಳಿದುದು ಕೇವಲ ಮಾತಿನ ಬಲದಿಂದ. ಛಂದಸ್ಸು, ಸಂಧಿ, ಸಮಾಸ ಎಂದೊಡನೆ ನಮ್ಮ ತರಗತಿಗಳಲ್ಲಿ ಆಕಳಿಕೆ ಏಳುತ್ತದೆಯಷ್ಟೆ. ಪ್ರಸಂಗ ರಚಿಸುವವನಿಗೆ, ಪದ್ಯವನ್ನು ಒಡೆದು ಹಾಡುವವನಿಗೆ, ಅರ್ಥ ಹೇಳುವವನಿಗೆ ಅವೇ ಉಳಿ, ಸುತ್ತಿಗೆಗಳು. ಮನೆಯಲ್ಲಿ ತುಳುವೋ ಕೊಂಕಣಿಯೋ ಮಲಯಾಳವೋ ಮರಾಠಿಯೋ ಆಡುವ ಮಗುವೂ ಇವುಗಳನ್ನು ಪಡೆಯುವುದು ಶಾಲೆಯ ಕನ್ನಡದಿಂದಲೇ.

ಹೆಣ್ಣುಮಕ್ಕಳ ತಾಯಂದಿರು ಸುಮ್ಮನೆ ಕುಳಿತಿದ್ದೀರಿ. ಇದು ತಮ್ಮ ವಿಷಯವಲ್ಲವೆಂದು ಭಾವಿಸಿರಬಹುದು. ಇಲ್ಲಿಯೇ ಹತ್ತಿರದ ಮಧೂರಿನಲ್ಲಿ 1947ರಲ್ಲಿ ಜನಿಸಿದ ಲೀಲಾವತಿ ಬೈಪಡಿತ್ತಾಯರನ್ನು ನೆನೆಯಿರಿ. ಬಾಲ್ಯದಲ್ಲಿ ಕಲಿತುದು ಕರ್ನಾಟಕ ಸಂಗೀತ. ವಿವಾಹವಾದ ಮೇಲೆ ಪತಿ ಹರಿನಾರಾಯಣ ಬೈಪಡಿತ್ತಾಯರಿಂದ ಯಕ್ಷಗಾನದ ಪದಗಳನ್ನೂ ನಡೆಯನ್ನೂ ಕಲಿತರು. ಗಂಡಸರೇ ತುಂಬಿದ್ದ ವೃತ್ತಿಮೇಳದಲ್ಲಿ ಜಾಗಟೆ ಹಿಡಿದು ಕುಳಿತು ರಾತ್ರಿರಾತ್ರಿ ಆಟ ಆಡಿಸಿದರು. ತೆಂಕುತಿಟ್ಟಿನ ಪ್ರಥಮ ವೃತ್ತಿಪರ ಭಾಗವತೆ ಎನಿಸಿದರು. ಪತಿಯೊಡನೆ ಅನೇಕ ಮಕ್ಕಳಿಗೆ ವಿದ್ಯೆಯನ್ನು ಧಾರೆಯೆರೆದರು. 2023ರಲ್ಲಿ ಕರ್ನಾಟಕ ರಾಜ್ಯೋತ್ಸವ ಪ್ರಶಸ್ತಿ ಬಂದಿತು. 2024ರ ದಶಂಬರದಲ್ಲಿ ತೀರಿಕೊಂಡರು. ಅವರು ಭಾಗವತಿಕೆಗೆ ಕುಳಿತ ಕಾಲದಲ್ಲಿ ಅವರ ಮುಂದೆ ಅನುಸರಿಸಲು ಬೇರೊಬ್ಬ ಹೆಂಗಸಿನ ಮೇಲ್ಪಂಕ್ತಿ ಇರಲಿಲ್ಲ. ಇಂದು ನಮ್ಮ ಹುಡುಗಿಯರ ಮುಂದೆ ಅವರಿದ್ದಾರೆ. ನಮ್ಮ ಶಾಲೆಯ ಚೆಂಡೆ ತರಗತಿಗೆ ಈ ವರ್ಷ ಸೇರಿದವರಲ್ಲಿ ಹುಡುಗಿಯರೇ ಹೆಚ್ಚು ಎಂಬುದನ್ನು ಸಂತೋಷದಿಂದ ತಿಳಿಸುತ್ತೇವೆ. ರಾತ್ರಿಯ ಪ್ರಯಾಣ, ಉಡುಪು ಬದಲಿಸಲು ಪ್ರತ್ಯೇಕ ಸ್ಥಳ ಇವುಗಳ ಬಗ್ಗೆ ತಾಯಂದಿರ ಚಿಂತೆ ಸಹಜ. ಕರೆಯುವವರೊಡನೆ ಮೊದಲೇ ಖಂಡಿತವಾಗಿ ಮಾತಾಡಿಕೊಳ್ಳುವುದರಲ್ಲಿ ಯಾವ ಸಂಕೋಚವೂ ಬೇಡ.

ನಾಟಕದ ದಾರಿಯು ಇದಕ್ಕಿಂತ ಭಿನ್ನ. ಬಂಟ್ವಾಳದ ಸಮೀಪದ ಮಂಚಿಯ ಬಿ. ವಿ. ಕಾರಂತರು ಹುಡುಗನಾಗಿದ್ದಾಗಲೇ ಮನೆ ಬಿಟ್ಟು ಗುಬ್ಬಿ ವೀರಣ್ಣನವರ ಕಂಪೆನಿಯನ್ನು ಸೇರಿದವರು. ಇಷ್ಟನ್ನೇ ಕೇಳಿ ಓಡಲು ಸಿದ್ಧರಾದ ಹುಡುಗರು ಮುಂದಿನ ಕಥೆಯನ್ನೂ ಕೇಳಬೇಕು. ಅದೇ ಕಂಪೆನಿಯ ಯಜಮಾನರು ಅವರನ್ನು ಓದಲು ಕಾಶಿಗೆ ಕಳುಹಿಸಿದರು. ಕಾರಂತರು ಅಲ್ಲಿ ಹಿಂದಿಯಲ್ಲಿ ಎಂ.ಎ. ಮಾಡಿದರು, ತರುವಾಯ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತರು, ದೆಹಲಿಯ ಒಂದು ವಿದ್ಯಾಲಯದಲ್ಲಿ ಮಕ್ಕಳಿಗೆ ನಾಟಕ ಹೇಳಿಕೊಡುವ ಉಪಾಧ್ಯಾಯರೂ ಆಗಿದ್ದರು. ಕಲಿತ ನಾಟಕ ಶಾಲೆಗೇ 1977ರಿಂದ 1981ರ ತನಕ ನಿರ್ದೇಶಕರಾದರು. 1989ರಲ್ಲಿ ಮೈಸೂರಿನ ರಂಗಾಯಣವನ್ನು ಕಟ್ಟಿದರು. ಓಡಿಹೋದುದು ಒಂದು ದಿನ. ಓದಿದುದು ಹಲವು ವರ್ಷ. ರಾಷ್ಟ್ರೀಯ ನಾಟಕ ಶಾಲೆಯ ಮೂರು ವರ್ಷಗಳ ಶಿಕ್ಷಣಕ್ಕೆ ಇಂದಿಗೂ ಪದವಿಯೇ ಮೊದಲ ಅರ್ಹತೆ. ಅದರ ಮೇಲೆ ನಾಟಕಗಳಲ್ಲಿ ದುಡಿದ ಅನುಭವವನ್ನೂ ಕೇಳುತ್ತಾರೆ. ಆದುದರಿಂದ ಕಾಲೇಜಿನಲ್ಲಿರುವಾಗ ಮಾಡಿದ ಪ್ರತಿಯೊಂದು ನಾಟಕದ ಕರಪತ್ರವನ್ನೂ ಪ್ರಮಾಣಪತ್ರವನ್ನೂ ಜೋಪಾನ ಮಾಡಿರಿ.

ಕನ್ನಡದಲ್ಲಿಯೇ ನಾಟಕ ಕಲಿಯಬೇಕೆಂಬವರಿಗೆ ಸಾಗರ ತಾಲೂಕಿನ ಹೆಗ್ಗೋಡು ಇದೆ. 1949ರಲ್ಲಿ ಒಂದು ಹಳ್ಳಿಯ ಹವ್ಯಾಸಿ ಸಂಘವಾಗಿ ಹುಟ್ಟಿದ ನೀನಾಸಮ್ 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನೂ 1985ರಲ್ಲಿ 'ತಿರುಗಾಟ' ಎಂಬ ಸಂಚಾರೀ ತಂಡವನ್ನೂ ಆರಂಭಿಸಿತು. ಅದರ ರೂವಾರಿಗಳಾದ ಕೆ. ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. ಅಲ್ಲಿ ಅಡಕೆ ತೋಟಗಳ ನಡುವೆ ಉಳಿದುಕೊಂಡು ಒಂದು ವರ್ಷ ನಟನೆಯನ್ನಷ್ಟೇ ಅಲ್ಲದೆ ರಂಗಸಜ್ಜಿಕೆ, ಬೆಳಕು, ಪ್ರಸಾಧನಗಳನ್ನೂ ಕಲಿಯುತ್ತಾರೆ. ಕಲಿತವರು ಎಲ್ಲರೂ ಪ್ರಸಿದ್ಧ ನಟರಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಶಾಲೆಗಳಲ್ಲಿ ನಾಟಕ ಮಾಡಿಸುತ್ತ, ಕಿರುತೆರೆಗೂ ಚಲಚ್ಚಿತ್ರಗಳಿಗೂ ಬರೆಯುತ್ತ, ದುಡಿಯುತ್ತ ಬಾಳುವವರೇ ಹೆಚ್ಚು.

ಸಂಗೀತ, ನೃತ್ಯಗಳ ಬಗ್ಗೆ ಸಂಕ್ಷೇಪವಾಗಿ ಹೇಳುತ್ತೇವೆ. ಇವುಗಳಿಗೆ ಎಳವೆಯೇ ಬಂಡವಾಳ. ಮಹಾಕವಿ ವಳ್ಳತ್ತೋಳರು 1930ರಲ್ಲಿ ಸ್ಥಾಪಿಸಿದ ಕೇರಳ ಕಲಾಮಂಡಲವು ಎಂಟನೆಯ ತರಗತಿಯಿಂದಲೇ ಕಥಕಳಿ ಮೊದಲಾದ ಕಲೆಗಳಿಗೆ ಮಕ್ಕಳನ್ನು ಸೇರಿಸಿಕೊಳ್ಳುತ್ತದೆ; ಪ್ಲಸ್ ಟು ಮುಗಿಸಿ ಯೋಚಿಸೋಣವೆಂದರೆ ಅಲ್ಲಿ ತಡವಾಯಿತು. ಪದವಿಗೆ ತಿರುವನಂತಪುರದ ಸ್ವಾತಿ ತಿರುನಾಳ್ ಸಂಗೀತ ಕಾಲೇಜು, ತೃಪ್ಪೂಣಿತ್ತುರದ ಆರ್.ಎಲ್.ವಿ. ಕಾಲೇಜು, ಪಾಲಕ್ಕಾಡಿನ ಚೆಂಬೈ ಸ್ಮಾರಕ ಕಾಲೇಜು ಇವೆ. ಮೈಸೂರಿನಲ್ಲಿ ಗಂಗೂಬಾಯಿ ಹಾನಗಲ್ಲರ ಹೆಸರಿನ ವಿಶ್ವವಿದ್ಯಾನಿಲಯವಿದೆ. ಕಚೇರಿಗಳಿಂದಲೇ ಬದುಕುವವರು ಕೆಲವರು ಮಾತ್ರ; ಪಾಠ ಹೇಳಿ ಬದುಕುವವರು ಅನೇಕರು. ಕೇರಳದ ಶಾಲೆಗಳಲ್ಲಿ ಸಂಗೀತ ಹಾಗೂ ಚಿತ್ರಕಲೆಯ ಉಪಾಧ್ಯಾಯರಾಗಬಯಸುವವರು ತಕ್ಕ ವಿದ್ಯಾರ್ಹತೆಯೊಂದಿಗೆ ಕೆ-ಟೆಟ್ ಪರೀಕ್ಷೆಯ ನಾಲ್ಕನೆಯ ವಿಭಾಗದಲ್ಲಿಯೂ ಉತ್ತೀರ್ಣರಾಗಬೇಕು. ಕೇಂದ್ರೀಯ ವಿದ್ಯಾಲಯಗಳಲ್ಲಿ ಸಂಗೀತಕ್ಕೆ, ನವೋದಯ ವಿದ್ಯಾಲಯಗಳಲ್ಲಿ ಸಂಗೀತ, ಚಿತ್ರಕಲೆಗಳೆರಡಕ್ಕೂ ಉಪಾಧ್ಯಾಯರಿರುತ್ತಾರೆ. ಹುದ್ದೆಗಳು ಮಿತ, ಅರ್ಜಿದಾರರು ಬಹಳ. ಇದನ್ನು ಮರೆಮಾಚಿ ಆಸೆ ಹುಟ್ಟಿಸುವುದು ನಮಗೆ ಒಪ್ಪಿತವಲ್ಲ.

ಚಿತ್ರ ಬರೆಯುವ ಮಕ್ಕಳು ಪಾಠಪುಸ್ತಕದ ಅಂಚುಗಳನ್ನು ತುಂಬಿಸಿ ಪೆಟ್ಟು ತಿನ್ನುವವರು. ಉಡುಪಿಯ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ. ಕೆ. ಹೆಬ್ಬಾರರು ಹಳ್ಳಿಯಿಂದ ಮುಂಬಯಿಯ ಜೆ. ಜೆ. ಕಲಾಶಾಲೆಗೆ ಹೋಗಿ ಕಲಿತು, ಅಲ್ಲಿಯೇ ಕೆಲಕಾಲ ಅಧ್ಯಾಪಕರಾಗಿದ್ದು, ದೇಶವೇ ಗುರುತಿಸುವ ಚಿತ್ರಕಾರರಾದರು, 1989ರಲ್ಲಿ ಪದ್ಮಭೂಷಣರಾದರು. ಮೈಸೂರಿನ ಆರ್. ಕೆ. ಲಕ್ಷ್ಮಣರಿಗೆ ಅದೇ ಕಲಾಶಾಲೆಯು ಪ್ರವೇಶವನ್ನು ನಿರಾಕರಿಸಿತ್ತು. ಅವರು ಮಹಾರಾಜಾ ಕಾಲೇಜಿನಲ್ಲಿ ಪದವಿ ಪಡೆದು, ಪತ್ರಿಕೆಗಳಿಗೆ ಬರೆಯುತ್ತ ಬರೆಯುತ್ತ, ಟೈಮ್ಸ್ ಆಫ್ ಇಂಡಿಯಾದ ವ್ಯಂಗ್ಯಚಿತ್ರಕಾರರಾಗಿ ಅರ್ಧ ಶತಮಾನ ನಡೆದರು. ಒಬ್ಬರಿಗೆ ತೆರೆದ ಬಾಗಿಲು ಇನ್ನೊಬ್ಬರಿಗೆ ಮುಚ್ಚಿತು; ಇಬ್ಬರ ಕೈಯೂ ನಿಲ್ಲಲಿಲ್ಲ. ಈಗ ಪ್ಲಸ್ ಟು ಅನಂತರ ನಾಲ್ಕು ವರ್ಷಗಳ ಚಿತ್ರಕಲಾ ಪದವಿಗೆ ತಿರುವನಂತಪುರ, ಮಾವೇಲಿಕ್ಕರ, ತೃಶ್ಶೂರುಗಳಲ್ಲಿ ಸರಕಾರೀ ಕಾಲೇಜುಗಳಿವೆ. ಮೈಸೂರಿನಲ್ಲಿ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ, ಬೆಂಗಳೂರಿನಲ್ಲಿ 1960ರಲ್ಲಿ ಸ್ಥಾಪಿತವಾದ ಕರ್ನಾಟಕ ಚಿತ್ರಕಲಾ ಪರಿಷತ್ತು ಇವೆ. ಪ್ರವೇಶ ಪರೀಕ್ಷೆಯಲ್ಲಿ ಎದುರಿಗಿಟ್ಟ ವಸ್ತುವನ್ನು ಕಂಡಂತೆ ಬರೆಯಬೇಕಾಗುತ್ತದೆ. ಕ್ಯಾಲೆಂಡರಿನ ಚಿತ್ರವನ್ನು ನೋಡಿ ಬರೆದು ಅಭ್ಯಾಸವಾದ ಕೈ ಅಲ್ಲಿ ತಡವರಿಸುತ್ತದೆ. ಮನೆಯ ಕೊಡಪಾನವನ್ನೂ ಕಟ್ಟಿದ ಹಸುವನ್ನೂ ಅಜ್ಜಿಯ ಕೈಯನ್ನೂ ನೋಡಿ ಬರೆಯಲಿ. ಪುಸ್ತಕದ ಹೊದಿಕೆ, ಜಾಹೀರಾತು, ಬಟ್ಟೆಯ ವಿನ್ಯಾಸ, ಚಲಿಸುವ ಚಿತ್ರಗಳು, ಗಣಕಯಂತ್ರದಲ್ಲಿ ಪುಟಗಳ ಜೋಡಣೆ ಇವೆಲ್ಲಕ್ಕೂ ಮೊದಲ ಬಂಡವಾಳ ಗೆರೆಯನ್ನು ಎಳೆಯಬಲ್ಲ ಕೈ ಮತ್ತು ನೋಡಬಲ್ಲ ಕಣ್ಣು.

ಕರ್ನಾಟಕದ ಕಾಲೇಜುಗಳಿಗೆ ಹೋಗುವವರಿಗೆ ಒಂದು ಸೂಚನೆ. ಅಲ್ಲಿಯ ಕೆಲವು ವೃತ್ತಿಶಿಕ್ಷಣಗಳಲ್ಲಿ ಗಡಿನಾಡ ಕನ್ನಡಿಗರಿಗೆ ಪ್ರತ್ಯೇಕ ಅವಕಾಶವುಂಟು. ಎಲ್ಲವುಗಳಲ್ಲಿ ಒಂದೇ ನಿಯಮವೆಂದು ತಿಳಿಯಬಾರದು. ಅರ್ಜಿ ಹಾಕುವ ಮೊದಲೇ ಆಯಾ ಸಂಸ್ಥೆಯ ವಿವರಣೆಯನ್ನು ಓದಿಸಿ ನೋಡಿರಿ. ಕನ್ನಡ ಮಾಧ್ಯಮದಲ್ಲಿ ಓದಿದ ಪ್ರಮಾಣಪತ್ರವು ಅಂತಹ ಕಡೆ ಕೇಳಲ್ಪಡುವುದರಿಂದ ಶಾಲೆಯನ್ನು ಬಿಡುವಾಗಲೇ ನಮ್ಮಿಂದ ಪಡೆದಿಟ್ಟುಕೊಳ್ಳುವುದು ಒಳ್ಳೆಯದು.

ಎಲ್ಲ ಮಕ್ಕಳನ್ನೂ ಕಲೆಯ ವೃತ್ತಿಗೆ ದೂಡಬೇಕೆಂದು ನಮ್ಮ ಅಭಿಪ್ರಾಯವಲ್ಲ. ಕಲೋತ್ಸವದಲ್ಲಿ ಬಹುಮಾನ ಬಂದುದೇ ಯೋಗ್ಯತೆಯ ಗುರುತಲ್ಲ. ಸ್ಪರ್ಧೆ ಮುಗಿದ ಮೇಲೂ, ನೋಡುವವರು ಯಾರೂ ಇಲ್ಲದಾಗಲೂ ಅಭ್ಯಾಸ ಮಾಡುವ ಮಗು ಯಾವುದೆಂಬುದನ್ನು ತಾವು ಮನೆಯಲ್ಲಿ ಗಮನಿಸಿರಿ. ಅದು ತೀರ್ಪುಗಾರರಿಗಿಂತ ತಮಗೇ ಚೆನ್ನಾಗಿ ಕಾಣುತ್ತದೆ. ಅಂತಹ ಮಗುವಿಗೆ ಪದವಿಯ ಓದು ನಿಲ್ಲದಂತೆ, ಗುರುಗಳ ಪಾಠವೂ ತಪ್ಪದಂತೆ ವಾರವನ್ನು ಹಂಚಿಕೊಡುವುದು ಹೆತ್ತವರ ಕೆಲಸ. ಉಪಾಧ್ಯಾಯ ವೃತ್ತಿ, ಬ್ಯಾಂಕಿನ ಕೆಲಸಗಳಲ್ಲಿದ್ದುಕೊಂಡೇ ರಾತ್ರಿ ಮದ್ದಳೆ ಬಾರಿಸುವವರು, ಅರ್ಥ ಹೇಳುವವರು ನಮ್ಮ ಜಿಲ್ಲೆಯಲ್ಲಿ ಎಷ್ಟೋ ಮಂದಿ ಇದ್ದಾರೆ. ಅದನ್ನು ಕಡಿಮೆಯೆಂದು ಎಣಿಸುವವರು ಆಟವನ್ನು ಸರಿಯಾಗಿ ನೋಡದವರು.

ಕೊನೆಯದಾಗಿ, ಕಚೇರಿಯ ವಿಷಯ. ಕೇಂದ್ರ ಸರಕಾರದ ಸಿ.ಸಿ.ಆರ್.ಟಿ. ಸಂಸ್ಥೆಯು 10ರಿಂದ 14 ವರ್ಷದ ಮಕ್ಕಳಿಗೆ ಕಲಾಭ್ಯಾಸಕ್ಕಾಗಿ ವಿದ್ಯಾರ್ಥಿವೇತನ ಕೊಡುತ್ತದೆ. ಪರಂಪರೆಯಿಂದ ಕಲೆಯನ್ನು ನಡೆಸಿಕೊಂಡು ಬಂದ ಕುಟುಂಬದ ಮಕ್ಕಳಿಗೆ ಅದರಲ್ಲಿ ಬೇರೆಯೇ ಪಾಲಿದೆ. 18ರಿಂದ 25ರ ವಯಸ್ಸಿನ ಯುವಕಲಾವಿದರಿಗೆ ಸಂಸ್ಕೃತಿ ಸಚಿವಾಲಯವು ಎರಡು ವರ್ಷಗಳ ಉನ್ನತ ಅಭ್ಯಾಸಕ್ಕೆ ವೇತನ ಕೊಡುವ ಯೋಜನೆಯುಂಟು, ಹಳೆವಿದ್ಯಾರ್ಥಿಗಳು ಗಮನಿಸಬೇಕು. ಈ ಎರಡರ ನಿಯಮಗಳನ್ನೂ ತರಿಸಿ, ಕನ್ನಡದಲ್ಲಿ ಬರೆದು, ಸೂಚನಾಫಲಕಕ್ಕೆ ಹಾಕಿಸುತ್ತೇವೆ. ಐದರಿಂದ ಎಂಟನೆಯ ತರಗತಿಯ ಮಕ್ಕಳ ಹೆತ್ತವರು ಬರುವ ಶನಿವಾರ ಮಧ್ಯಾಹ್ನ ಜನನ ಪ್ರಮಾಣಪತ್ರವನ್ನೂ ಗುರುಗಳ ಒಂದು ಪತ್ರವನ್ನೂ ಹಿಡಿದುಕೊಂಡು ಬಂದರೆ ಅರ್ಜಿಯನ್ನು ತುಂಬಿಸಲು ನಮ್ಮ ಸಹೋದ್ಯೋಗಿಗಳು ನೆರವಾಗುವರು. ಕಳೆದ ಸಲ ಗಡುವು ಮುಗಿದ ಮೇಲೆ ಬಂದವರು ನಾಲ್ವರು; ಆ ನಾಲ್ವರಲ್ಲಿ ಇಬ್ಬರಿಗೆ ಈ ವರ್ಷ ವಯಸ್ಸು ಮೀರಿದೆ.

ಮಾತು ಉದ್ದವಾಯಿತು. ಚೌಕಿಯಿಂದ ಎರಡು ಸಲ ಇಣುಕಿ ನೋಡಿ ಹೋದರು. ಬಾಲಗೋಪಾಲರ ಮುಖದ ಬಣ್ಣ ಬೆವರಿಗೆ ಇಳಿಯುತ್ತಿದೆಯಂತೆ. ರಂಗವನ್ನು ಅವರಿಗೆ ಬಿಟ್ಟುಕೊಡುತ್ತೇವೆ.